ಪದವು ಕೊಡುವ ಮೊದಲು ಸುರಂಗದ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ



ಕಾಸರಗೋಡಿನ ನಮ್ಮ ಊರುಗಳಲ್ಲಿ ಪದವು ಎಂದರೆ ಏನೂ ಬೆಳೆಯದ ಜಾಗ ಎಂದೇ ಲೆಕ್ಕ. ಕೆಂಪುಕಲ್ಲು, ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ. ಅಂಥ ಜಾಗಕ್ಕೆ ಕಲ್ಲಿನ ಕೋರೆಯವರು ಬಂದು ಮುಂಗಡ ಕೊಡುತ್ತೇವೆ ಎಂದರೆ ಬೇಡ ಎನ್ನುವುದು ಸುಲಭವಲ್ಲ. ಮಗಳ ಮದುವೆ, ಮಗನ ಕಾಲೇಜು ಫೀಸು, ಸೊಸೈಟಿಯ ಸಾಲ ಎಲ್ಲವೂ ಎದುರಿಗೆ ನಿಂತಿರುತ್ತವೆ. ನಮ್ಮ ಮನೆಗಳ ಗೋಡೆಯೂ ಅದೇ ಕಲ್ಲಿನದು. ಹಾಗಾಗಿ ಪದವು ಕೊಟ್ಟವರನ್ನು ದುರಾಸೆಯವರು ಎನ್ನುವುದು ನ್ಯಾಯವಲ್ಲ.

ಆದರೆ ಈ ವ್ಯವಹಾರದಲ್ಲಿ ನೀರಿನ ಲೆಕ್ಕ ಬಿಟ್ಟುಹೋಗುತ್ತಿದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಹರಿದು ಸಮುದ್ರ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಾವು ಕುಡಿಯುವುದು ಗುಡ್ಡ ತನ್ನೊಳಗೆ ಹಿಡಿದಿಟ್ಟುಕೊಂಡ ನೀರನ್ನು. ಕೆಂಪುಕಲ್ಲು ನೋಡಲು ಗಟ್ಟಿ, ಒಳಗೆಲ್ಲ ಸಣ್ಣ ತೂತು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಮಣ್ಣಿನ ಮೇಲೆ ನಿಧಾನವಾಗಿ ಸಾಗುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದದ್ದು ಈ ನೀರಿಗಾಗಿಯೇ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹೊರಗೆ ಬರುತ್ತದೆ.

ಮೇಲಿನ ಕಲ್ಲನ್ನು ಜೇಡಿಯವರೆಗೂ ಕಡಿದು ತೆಗೆದರೆ ನೀರು ಹಿಡಿದಿಡುವ ಪದರವೇ ಹೋಗುತ್ತದೆ. ಸುರಂಗ ಬತ್ತಿದವರು ಸಾಲ ಮಾಡಿ ಬೋರ್‌ವೆಲ್ ತೆಗೆಸಬೇಕು. ಕಲ್ಲಿನ ಹಣ ಮೇಲಿನವರಿಗೆ, ಬೋರ್‌ವೆಲ್ಲಿನ ಸಾಲ ಕೆಳಗಿನವರಿಗೆ.

ಗುಡ್ಡದ ಮೇಲಿನ ತೀರ್ಮಾನ ಕೆಳಗಿನ ಮನೆಗಳಿಗೆ ಏನು ಮಾಡಬಲ್ಲದು ಎಂದು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಟೀ ಸೊಳ್ಳೆಯ ಕಾಟ ತಡೆಯಲು 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಗುಡ್ಡದ ಮೇಲೆ, ಪಡ್ರೆಯಂಥ ಊರುಗಳ ಮನೆ, ತೋಡು, ಸುರಂಗ ಎಲ್ಲ ಕೆಳಗೆ. ಗೇರುಬೀಜ ಕೆಲಸ ಕೊಟ್ಟಿತು, ವಿದೇಶಿ ಹಣ ತಂದಿತು, ಅದು ಸುಳ್ಳಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಹಾಸಿಗೆಯಲ್ಲೇ ಬೆಳೆದಿದ್ದರು. ಕೋರೆ ವಿಷವಲ್ಲ, ಒಪ್ಪುತ್ತೇನೆ. ಆದರೆ ಲಾಭ ಒಬ್ಬರಿಗೆ, ಕಷ್ಟ ಇನ್ನೊಬ್ಬರಿಗೆ ಎಂಬ ಲೆಕ್ಕ ಎರಡರಲ್ಲೂ ಒಂದೇ.

"ನಮ್ಮ ಜಾಗ, ನಮ್ಮ ಇಷ್ಟ" ಎನ್ನುವವರಿದ್ದಾರೆ. ಜಾಗ ನಿಮ್ಮದು ಸರಿ. ಅದರೊಳಗೆ ಇಳಿದ ಮಳೆನೀರು ಆಧಾರ ಕಾರ್ಡು ನೋಡಿ ಹರಿಯುವುದಿಲ್ಲ.

ಹಾಗಾದರೆ ಕೋರೆಯೇ ಬೇಡವೇ? ನನ್ನ ವಾದ ಅದಲ್ಲ. ಸುರಂಗ, ಬಾವಿಗಳ ಮೇಲ್ಭಾಗದ ಪದವನ್ನು ಬಿಟ್ಟು ಉಳಿದ ಕಡೆ ತೆಗೆಯಲಿ. ಗುತ್ತಿಗೆ ಬರೆಯುವಾಗಲೇ ಗುಂಡಿಗೆ ಬೇಲಿ ಹಾಕುವುದು, ಮೇಲ್ಮಣ್ಣು ತೆಗೆದಿಟ್ಟು ಮತ್ತೆ ಹರಡುವುದು, ಗಿಡ ನೆಡುವುದು ಎಂಬ ಷರತ್ತು ಸೇರಿಸೋಣ. ಹಳೆಯ ಮದಕಗಳನ್ನು ಮಣ್ಣು ಹಾಕಿ ಮುಚ್ಚದಿರೋಣ. ಏತಡ್ಕದ ಕೃಷಿಕರು ಒಟ್ಟು ಸೇರಿ ತೋಡಿಗೆ ಕಟ್ಟ ಕಟ್ಟಿ ನೀರು ನಿಲ್ಲಿಸಿ ತೋರಿಸಿದ್ದಾರೆ. ಒಬ್ಬರ ಕಟ್ಟದಿಂದ ಹತ್ತಾರು ಮನೆಯ ಬಾವಿಗೆ ನೀರು.

ಯುವಜನರಾದ ನಾವು ಮಾಡಬಹುದಾದ ಕೆಲಸ ಒಂದಿದೆ. ಈ ಬೇಸಿಗೆಯಲ್ಲಿ ನಮ್ಮ ವಾಳೆಯ ಸುರಂಗ, ಬಾವಿ, ಮದಕಗಳನ್ನು ಪಟ್ಟಿ ಮಾಡೋಣ, ಯಾವುದರಲ್ಲಿ ಯಾವ ತಿಂಗಳವರೆಗೆ ನೀರಿದೆ ಎಂದು ಬರೆದಿಡೋಣ. ಕೋರೆಯ ವಿಷಯ ಗ್ರಾಮಸಭೆಗೆ ಬಂದಾಗ ಬರೀ ಗಲಾಟೆಗಿಂತ ಆ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ನಿಲ್ಲಿ, ಯಾರು ಯಾವ ಗುಡ್ಡ ನೋಡುವುದು ಎಂದು ಹಂಚಿಕೊಳ್ಳೋಣ.