ಬಂದೂಕು ಯಾರ ಕಾವಲಿಗೆ?



ಕಳೆದ ಚಳಿಗಾಲದಲ್ಲಿ ವಾರಾಣಸಿಯ ಭೇಲೂಪುರಕ್ಕೆ ಹೋಗಿದ್ದೆ. ಪಾರ್ಶ್ವನಾಥ ತೀರ್ಥಂಕರರ ಜನ್ಮಸ್ಥಾನದ ದರ್ಶನ ಮುಗಿಸಿ ಧರ್ಮಶಾಲೆಗೆ ಮರಳಿದಾಗ ಬೆಳಗಾವಿ ಕಡೆಯ ತರುಣ ವ್ಯಾಪಾರಿಯೊಬ್ಬರ ಪರಿಚಯವಾಯಿತು. ಬನಾರಸ್ ಸೀರೆಗಳನ್ನು ಸಗಟಾಗಿ ಕೊಂಡು ಊರಿಗೆ ಕಳುಹಿಸುವುದು ಅವರ ಉದ್ಯೋಗ. ಹೆಂಡತಿ ಮಕ್ಕಳೊಡನೆ ಅಲ್ಲಿಯೇ ನೆಲೆಸಿ ಹಲವು ವರ್ಷಗಳಾಗಿವೆ. ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕುವ ಯೋಚನೆಯಲ್ಲಿದ್ದ ಅವರು ನನ್ನನ್ನು ನೇರವಾಗಿಯೇ ಕೇಳಿದರು: "ಕಾಕಾ, ನೀವು ಅಹಿಂಸಾ ಅಂತ ಬರೀತೀರಿ. ರಾತ್ರಿ ಎರಡು ಗಂಟೇಕ್ಕ ಬಾಗ್ಲಾ ಒಡದು ಯಾರರೆ ಒಳಗ ಬಂದ್ರ, ಅವರಿಗೆ ನಿಮ್ಮ ಲೇಖನಾ ತೋರಿಸ್ಲೇನು?"

ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಅವರೊಬ್ಬರದೂ ಅಲ್ಲ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದಾಗಿನಿಂದ ನಮ್ಮ ಎಷ್ಟೋ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಕೇಳಿಬರುತ್ತಿದೆ. ನಿಶ್ಶಸ್ತ್ರ ಮುನಿಗೇ ಈ ಗತಿಯಾದರೆ ನಮ್ಮ ಪಾಡೇನು, ಅಹಿಂಸೆಯ ಹೆಸರಿನಲ್ಲಿ ಎಷ್ಟು ದಿನ ಕುರಿಗಳಂತಿರಬೇಕು ಎಂದು ತರುಣರು ಕೇಳುತ್ತಾರೆ. ಅವರಿಗೆ ಉಪದೇಶ ಸಾಲದು, ಸಕಾರಣವಾದ ಉತ್ತರ ಬೇಕು. ಈ ಲೇಖನ ಅಂಥ ಉತ್ತರದ ಪ್ರಯತ್ನ.

ಭಯ ಸುಳ್ಳಲ್ಲ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಭೇಲೂಪುರಕ್ಕೆ ಹತ್ತಿರದಲ್ಲೇ ಭದೈನಿ ಇದೆ. ಅದು ಸುಪಾರ್ಶ್ವನಾಥರ ಜನ್ಮಸ್ಥಾನ. ಗಣೇಶಪ್ರಸಾದ ವರ್ಣಿಯವರು 1905ರಲ್ಲಿ ಸ್ಥಾಪಿಸಿದ ಸ್ಯಾದ್ವಾದ ಮಹಾವಿದ್ಯಾಲಯವಿರುವುದೂ ಅಲ್ಲಿಯೇ. ಆ ಭದೈನಿಯ ಮನೆಯೊಂದರಲ್ಲಿ 2024ರ ನವೆಂಬರ್ 5ರಂದು ತಾಯಿ ಮತ್ತು ಮೂವರು ಮಕ್ಕಳು ಗುಂಡೇಟಿಗೆ ಬಲಿಯಾಗಿ ಬಿದ್ದಿದ್ದರು. ಮನೆಯ ಯಜಮಾನರ ಶವ ಅದೇ ದಿನ ನಗರದ ಹೊರವಲಯದ ಇನ್ನೊಂದು ಮನೆಯಲ್ಲಿ ಸಿಕ್ಕಿತು. ಅವರನ್ನೂ ಗುಂಡಿಕ್ಕಿ ಕೊಲ್ಲಲಾಗಿತ್ತು. ಇಂಥ ಸುದ್ದಿ ಕೇಳಿದ ನೆರೆಹೊರೆಯವರು ಬಂದೂಕಿನ ಮಾತಾಡಿದರೆ ಅವರನ್ನು ಹೇಡಿಗಳೆಂದೋ ಹಿಂಸಕರೆಂದೋ ಜರಿಯುವುದು ಅನ್ಯಾಯ.

ಆದರೆ ಮುಂದಿನ ಸುದ್ದಿಯನ್ನೂ ಓದಬೇಕು. ಕೆಲವು ತಿಂಗಳುಗಳ ಬಳಿಕ ಪೊಲೀಸರು ಬಂಧಿಸಿದ್ದು ಅದೇ ಬಂಧುವರ್ಗದವರನ್ನು. ಕುಟುಂಬದೊಳಗಿನ ಹಳೆಯ ಕೊಲೆಯ ಸೇಡು ಇದಕ್ಕೆ ಕಾರಣವೆಂಬುದು ಪೊಲೀಸರ ಆರೋಪ. ಹಿರೇಕೋಡಿಯ ಪ್ರಕರಣದಲ್ಲಿಯೂ ಪೊಲೀಸರ ಆರೋಪವಿರುವುದು ಮುನಿಗಳಿಗೆ ಪರಿಚಯವಿದ್ದವರ ಮೇಲೆ, ಅದೂ ಹಣದ ವ್ಯವಹಾರದ ಕಾರಣಕ್ಕೆ. ಸತ್ಯಾಸತ್ಯ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕು. ಆದರೂ ಎರಡೂ ಆರೋಪಗಳು ನಮ್ಮ ಕಲ್ಪನೆಯನ್ನು ಪ್ರಶ್ನಿಸುತ್ತವೆ. ನಾವು ಬಂದೂಕು ಕೊಳ್ಳಬಯಸುವುದು ಬಾಗಿಲು ಒಡೆದು ಬರುವ ಅಪರಿಚಿತನಿಗಾಗಿ. ಸಾವು ಎಷ್ಟೋ ಸಲ ಬರುವುದು ನಾವೇ ಬಾಗಿಲು ತೆರೆದು "ಬರ್ರಿ, ಚಹಾ ಕುಡೀರಿ" ಎಂದು ಕೂರಿಸಿದವನ ರೂಪದಲ್ಲಿ. ಬಂಧುವಿಗೆ ಚಹಾ ಕೊಡುವಾಗ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡಿರುವವರು ನಮ್ಮಲ್ಲಿ ಯಾರು?

ಸಂಘಟಿತ ಅಪರಾಧಿಗಳ ಮಾತೇನು ಎಂದು ಕೇಳಬಹುದು. ಪೂರ್ವಾಂಚಲದ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ವಾರಾಣಸಿಯ ನೆರೆಯ ಗಾಜೀಪುರ ಜಿಲ್ಲೆಯಲ್ಲಿ 2005ರ ನವೆಂಬರ್ 29ರಂದು ಶಾಸಕ ಕೃಷ್ಣಾನಂದ ರಾಯ್ ಅವರನ್ನು ಕೊಂದಾಗ ಜೊತೆಗಿದ್ದ ಇನ್ನೂ ಆರು ಮಂದಿ ಸತ್ತರು. ಅವರಲ್ಲಿ ಸಶಸ್ತ್ರ ಅಂಗರಕ್ಷಕನೂ ಇದ್ದ. ಸಮಯ ಮತ್ತು ಸ್ಥಳವನ್ನು ಆಯ್ದುಕೊಳ್ಳುವವನು ಹೊಂಚು ಹಾಕಿ ಕುಳಿತವನೇ. ಅಂಥವನ ಎದುರು ಅಂಗರಕ್ಷಕನ ಆಯುಧವೇ ಕೆಲಸಕ್ಕೆ ಬಾರದಾಗ, ಸೀರೆ ವ್ಯಾಪಾರಿಯ ಕಪಾಟಿನಲ್ಲಿರುವ ರಿವಾಲ್ವರ್ ಏನು ಮಾಡೀತು? ಆ ಪ್ರಕರಣದ ಆರೋಪಿಗಳೆಲ್ಲ 2019ರಲ್ಲಿ ದೆಹಲಿಯ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದರು ಎಂಬುದನ್ನೂ ನೆನಪಿಡಿ.

ಇನ್ನೊಂದು ಪ್ರಕರಣ ಬೇರೆ ದಾರಿ ಹಿಡಿಯಿತು. 1991ರ ಆಗಸ್ಟ್ 3ರಂದು ವಾರಾಣಸಿಯಲ್ಲಿ ಅವಧೇಶ್ ರಾಯ್ ಅವರನ್ನು ಮನೆಯ ಮುಂದೆಯೇ ಗುಂಡಿಕ್ಕಿ ಕೊಲ್ಲಲಾಯಿತು. ಅವರ ತಮ್ಮ, ರಾಜಕಾರಣಿ ಅಜಯ್ ರಾಯ್ ದೂರು ಕೊಟ್ಟರು ಮತ್ತು ಆ ಮೊಕದ್ದಮೆಯನ್ನು ಬಿಡಲಿಲ್ಲ. 2023ರ ಜೂನ್ 5ರಂದು ವಾರಾಣಸಿಯ ವಿಶೇಷ ನ್ಯಾಯಾಲಯ ಮುಖ್ತಾರ್ ಅನ್ಸಾರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಡುವೆ ಸುಮಾರು 32 ವರ್ಷ ಕಳೆದಿದ್ದವು. ಈ ವಿಳಂಬ ನಮ್ಮ ವ್ಯವಸ್ಥೆಗೆ ನಾಚಿಕೆಗೇಡು. ಆದರೆ ಅಷ್ಟು ದೊಡ್ಡ ಹೆಸರನ್ನು ಕೊನೆಗೆ ಕಟ್ಟಿಹಾಕಿದ್ದು ಹಿಂದೆ ಸರಿಯದ ಸಾಕ್ಷ್ಯ.

ಅದೇ ವ್ಯಕ್ತಿಗೆ ಸಂಬಂಧಿಸಿದ ಮತ್ತೊಂದು ತೀರ್ಪು ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು. 1987ರಲ್ಲಿ ಜೋಡುನಳಿಗೆಯ ಬಂದೂಕಿಗೆ ಲೈಸೆನ್ಸು ಪಡೆಯಲು ಗಾಜೀಪುರದ ಹಿರಿಯ ಅಧಿಕಾರಿಗಳ ನಕಲಿ ಸಹಿ ಬಳಸಿದ ಪ್ರಕರಣದಲ್ಲಿ, 2024ರ ಮಾರ್ಚ್ 13ರಂದು, ವಾರಾಣಸಿಯ ನ್ಯಾಯಾಲಯ ಅನ್ಸಾರಿಗೆ ಮತ್ತೊಮ್ಮೆ ಜೀವಾವಧಿ ಶಿಕ್ಷೆ ನೀಡಿತು. "ಲೈಸೆನ್ಸ್ ನಿಯಮ ಸಡಿಲಿಸಿ, ಸಜ್ಜನರ ಕೈಗೆ ಬಂದೂಕು ಬರಲಿ" ಎನ್ನುವವರು ಈ ತೀರ್ಪನ್ನು ಓದಬೇಕು. ಕಚೇರಿಯ ಬಾಗಿಲು ಸಡಿಲವಾದಾಗ ಮೊದಲು ಒಳನುಗ್ಗುವವರು ಸಜ್ಜನರಲ್ಲ, ವಶೀಲಿ ಉಳ್ಳವರು.

ಉತ್ತರ ಪ್ರದೇಶದಲ್ಲಿ ಲೈಸೆನ್ಸುಗಳಿಗೆ ಕೊರತೆಯೂ ಇಲ್ಲ. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿದ್ದ ಸುಮಾರು 33.69 ಲಕ್ಷ ಲೈಸೆನ್ಸುಗಳಲ್ಲಿ 12.77 ಲಕ್ಷ ಆ ಒಂದೇ ರಾಜ್ಯದವು. ಕಾನೂನಿನ ಬಂದೂಕು ಹೆಚ್ಚಿದರೆ ಕಳ್ಳ ಬಂದೂಕು ಹೆದರಿ ಓಡುತ್ತದೆ ಎಂಬ ವಾದ ನಿಜವಾಗಿದ್ದರೆ ಅಲ್ಲಿ ಕಟ್ಟಾ, ತಮಂಚಾಗಳ ಹೆಸರೇ ಅಳಿದಿರಬೇಕಿತ್ತು. ಆದರೆ 2023ರ ಫೆಬ್ರವರಿಯಲ್ಲಿ, ಅದೇ ರಾಜ್ಯದ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ, ಲೈಸೆನ್ಸಿಲ್ಲದ ಬಂದೂಕುಗಳ ಹಾವಳಿಯನ್ನು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬೇಕಾಯಿತು. ಬಂದೂಕು ಹೊಂದುವುದು ಅಮೆರಿಕದಲ್ಲಿ ಇರುವಂತೆ ನಮ್ಮ ಸಂವಿಧಾನ ಕೊಟ್ಟ ಹಕ್ಕಲ್ಲವೆಂದು ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಆಗ ನೆನಪಿಸಿತು.

ಆ ಲೈಸೆನ್ಸಿನ ಬಂದೂಕುಗಳು ಮಾಡುವ ಕೆಲಸವೇನು? ಉತ್ತರದ ಮದುವೆಯ ಮೆರವಣಿಗೆಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಆಕಾಶಕ್ಕೆ ಹಾರಿಸಿದ ಗುಂಡು ಮಹಡಿಯ ಮೇಲೆ ನಿಂತ ಮಗುವಿಗೋ ಮದುಮಗನಿಗೋ ತಗುಲಿದ ಸುದ್ದಿಗಳು ಮತ್ತೆ ಮತ್ತೆ ಬರುತ್ತವೆ. ಅದನ್ನು ತಡೆಯಲೆಂದೇ 2019ರ ತಿದ್ದುಪಡಿ ಸಂಭ್ರಮದ ಗುಂಡು ಹಾರಾಟಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ರಕ್ಷಣೆಗೆಂದು ಕೊಂಡ ವಸ್ತು ಪ್ರತಿಷ್ಠೆಯ ವಸ್ತುವಾಗಲು ಹೆಚ್ಚು ಕಾಲ ಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಬಂದೂಕನ್ನು ಬೇಡವೆನ್ನುವುದು ಆತ್ಮರಕ್ಷಣೆಯನ್ನು ಬೇಡವೆಂದಂತಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಪ್ರತಿಯೊಬ್ಬರಿಗೂ ತನ್ನ ಹಾಗೂ ಪರರ ಪ್ರಾಣ, ಸ್ವತ್ತುಗಳನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಕೊಡುತ್ತವೆ. ರಾತ್ರಿ ಮನೆ ಒಡೆದು ನುಗ್ಗುವವನ ವಿರುದ್ಧ ಆ ಹಕ್ಕು ಇನ್ನೂ ವಿಶಾಲ. ಅದಕ್ಕೆ ಲೈಸೆನ್ಸು ಬೇಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು ಎಂಬ ಮಿತಿ ಮಾತ್ರ ಇದೆ. ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ನಡುಗುವ ಕೈಯಲ್ಲಿ ಹಿಡಿದ ಪಿಸ್ತೂಲು ಆ ಮಿತಿಯನ್ನು ಬಲ್ಲುದೆ?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಮನೆಯಲ್ಲಿ ಆತ್ಮರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದಿತು. ಆ ದೇಶದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯ ಸಾವು ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು ಗುಂಡುಗಳು ಹೊರಟದ್ದು ಕಳ್ಳನೆಡೆಗಲ್ಲ, ಹಿಡಿದವನೆಡೆಗೇ. ವ್ಯಾಪಾರದಲ್ಲಿ ನಷ್ಟವಾಗಿ ಸಾಲ ಮೈಮೇಲೆ ಬಂದ ರಾತ್ರಿಗಳನ್ನು ನಮ್ಮ ಎಷ್ಟು ಮನೆಗಳು ಕಂಡಿಲ್ಲ? ಪರೀಕ್ಷೆಯಲ್ಲಿ ಸೋತ ಮಗ ಮೌನವಾಗಿ ಕೋಣೆಯ ಬಾಗಿಲು ಹಾಕಿಕೊಂಡ ಸಂಜೆಗಳನ್ನು ಎಷ್ಟು ತಾಯಂದಿರು ಕಂಡಿಲ್ಲ? ಆ ಗಳಿಗೆ ಹೇಗೋ ಕಳೆದುಹೋಗುತ್ತದೆ, ಮಾರನೆಯ ಬೆಳಗು ಬರುತ್ತದೆ. ಕಪಾಟಿನಲ್ಲಿ ಬಂದೂಕು ಇದ್ದರೆ ಬೆಳಗು ಬಾರದೆಯೂ ಇರಬಹುದು.

"ಚಾವುಂಡರಾಯ ಜೈನನಲ್ಲವೇ? ಅವನು ಕತ್ತಿ ಹಿಡಿಯಲಿಲ್ಲವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಿಡಿದಿದ್ದ. ಅವನು ಗಂಗರ ಸೇನಾನಿ, ರಾಜ್ಯದ ಆಜ್ಞೆಗೆ ಒಳಪಟ್ಟವನು. ಇಂದಿನ ಸೈನಿಕ ಮತ್ತು ಪೊಲೀಸರ ಕರ್ತವ್ಯವನ್ನು ನಾನೂ ಗೌರವಿಸುತ್ತೇನೆ. ಆದರೆ ಆ ಸೇನಾನಿ ಬೆಳಗೊಳದ ಬೆಟ್ಟದ ಮೇಲೆ ಕಡೆಸಿದ ಮೂರ್ತಿ ಯಾರದು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತ ಭರತ ಸಿಟ್ಟಿನಲ್ಲಿ ಕೈಗೆ ಸಿಕ್ಕ ಚಕ್ರವನ್ನು ಒಡಹುಟ್ಟಿದವನ ಮೇಲೆಯೇ ಬಿಟ್ಟ. ಚಾವುಂಡರಾಯ ನಿಲ್ಲಿಸಿದ್ದು ಚಕ್ರ ಬಿಟ್ಟವನನ್ನಲ್ಲ, ಗೆದ್ದೂ ಕೈಬಿಟ್ಟವನನ್ನು.

ಕೊಡಗಿನ ಉದಾಹರಣೆಯನ್ನೂ ಕೊಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ಕೋವಿ ಹುಟ್ಟಿಗೂ ಹಬ್ಬಕ್ಕೂ ಸಂಬಂಧಿಸಿದ್ದು, ಕಾಡಂಚಿನ ಬೆಳೆಗೂ ಬೇಕಾದದ್ದು, ತಲೆಮಾರುಗಳ ಶಿಸ್ತಿನಲ್ಲಿ ಬಂದದ್ದು. ಆ ಶಿಸ್ತನ್ನು ಅರ್ಜಿ ನಮೂನೆಯೊಂದಿಗೆ ಕೊಳ್ಳಲಾಗದು.

ಶ್ರಾವಕನು ಆಕ್ರಮಣವನ್ನು ಎದುರಿಸಕೂಡದೆಂದು ನಮ್ಮ ಧರ್ಮ ಹೇಳಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದದ್ದು ಮೊದಲನೆಯದನ್ನು. ವಿರೋಧೀ ಹಿಂಸೆ ಆಪತ್ತಿನ ಗಳಿಗೆಗೆ ಇರುವ ರಿಯಾಯಿತಿ. ದಿಂಬಿನ ಕೆಳಗೆ ಗುಂಡು ತುಂಬಿಟ್ಟು ಮಲಗುವವನು ಆ ಗಳಿಗೆಯನ್ನು ಪ್ರತಿ ರಾತ್ರಿಯೂ ಮನಸ್ಸಿನಲ್ಲಿ ನಡೆಸಿ ನೋಡುತ್ತಾನೆ. ಅದು ಸಂಕಲ್ಪವಲ್ಲದೆ ಮತ್ತೇನು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸಿದೆ. ಆದ್ದರಿಂದ ಯಾವ ಜೈನ ಸಂಘವೂ ತನ್ನ ಹೆಸರಿನಲ್ಲಿ ಲೈಸೆನ್ಸಿಗೆ ಶಿಫಾರಸು ಪತ್ರ ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಸಂಘಗಳು ಮಾಡಬೇಕಾದದ್ದೇನು? ವಿಹಾರದಲ್ಲಿರುವ ಮುನಿಗಳೊಂದಿಗೆ ಊರಿಂದೂರಿಗೆ ಶ್ರಾವಕರ ತಂಡ ನಡೆಯಲಿ, ಆಶ್ರಮದಲ್ಲಿ ಮುನಿಗಳು ಒಂಟಿಯಾಗದಿರಲಿ. ಆಶ್ರಮ, ಬಸದಿಗಳ ಹಣದ ಲೆಕ್ಕ ಸಮಿತಿಯ ಕೈಯಲ್ಲಿದ್ದು ಎಲ್ಲರಿಗೂ ತೆರೆದಿರಲಿ, ಗುಟ್ಟಿನ ಸಾಲದಷ್ಟು ಅಪಾಯಕಾರಿ ಬೇರೊಂದಿಲ್ಲ. ಒಂದೇ ಬೀದಿಯ ವ್ಯಾಪಾರಿಗಳು ಸೇರಿ ಕಾವಲುಗಾರ ಹಾಗೂ ಕ್ಯಾಮೆರಾಗಳ ವೆಚ್ಚ ಹಂಚಿಕೊಳ್ಳಲಿ. ಮನೆಯ ಚಿನ್ನ ಲಾಕರಿನಲ್ಲಿರಲಿ, ಮದುವೆಯ ಫೋಟೋಗಳಲ್ಲಿ ಊರಿಗೆಲ್ಲ ಕಾಣದಿರಲಿ. ದಾಯಾದಿ ವ್ಯಾಜ್ಯಗಳನ್ನು ಸೇಡಾಗುವ ಮೊದಲೇ ಹಿರಿಯರು ಕೂತು ಬಗೆಹರಿಸಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಸಾಕ್ಷಿ ಹೇಳುವವನ ಬೆನ್ನಿಗೆ ಸಮಾಜ ನಿಲ್ಲಲಿ. ಸಾಕ್ಷಿಗಳ ರಕ್ಷಣೆಯ ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿಯೇ ಅಂಗೀಕರಿಸಿದೆ. ನಾಗರಿಕ ಸುರಕ್ಷಾ ಸಂಹಿತೆಯ 398ನೆಯ ಕಲಮು ಪ್ರತಿ ರಾಜ್ಯವೂ ಅಂಥ ಯೋಜನೆಯನ್ನು ರೂಪಿಸಬೇಕೆನ್ನುತ್ತದೆ. ಅದರ ಲಾಭ ಪಡೆಯಲು ವಕೀಲರ ಶುಲ್ಕ ಬೇಕು, ಕೋರ್ಟಿಗೆ ಜೊತೆ ಹೋಗುವ ನಾಲ್ಕು ಜನ ಬೇಕು, ವರ್ಷಗಟ್ಟಲೆ ಬೇಸರಿಸದ ನೆನಪು ಬೇಕು. ಹತ್ಯೆಯಾದ ವಾರ ಮೌನ ಮೆರವಣಿಗೆ ಮಾಡಿ, ವಿಚಾರಣೆಯ ದಿನಾಂಕವನ್ನು ಮರೆಯುವುದು ನಮ್ಮ ದೊಡ್ಡ ದೋಷ. ಒಂದು ಪಿಸ್ತೂಲಿನ ಬೆಲೆಯಲ್ಲಿ ಒಬ್ಬ ಸಾಕ್ಷಿಯನ್ನು ಎಷ್ಟು ಕಾಲ ಕಾಯಬಹುದೆಂದು ಸಂಘದ ಖಜಾಂಚಿಗಳು ಲೆಕ್ಕ ಹಾಕಲಿ.

ವಾರಾಣಸಿಯ ತರುಣ ಮಿತ್ರರೇ, ಬಾಗಿಲು ಒಡೆದು ಬಂದವನಿಗೆ ಲೇಖನ ತೋರಿಸಬೇಡಿ. ಗಟ್ಟಿ ಬಾಗಿಲು ಹಾಕಿಸಿ, 112ಕ್ಕೆ ಕರೆ ಮಾಡಿ, ಕೂಗಿ ನೆರೆಯವರನ್ನು ಎಬ್ಬಿಸಿ, ಕೈಗೆ ಸಿಕ್ಕಿದ್ದರಿಂದ ಹೆಂಡತಿ ಮಕ್ಕಳನ್ನು ಕಾಪಾಡಿ. ಯಾವ ಧರ್ಮವೂ ನಿಮ್ಮನ್ನು ದೂಷಿಸದು. ಆದರೆ ಆ ಒಂದು ರಾತ್ರಿಗಾಗಿ ಉಳಿದ ಸಾವಿರಾರು ರಾತ್ರಿಗಳ ಕಾಲ ತುಂಬಿದ ಬಂದೂಕನ್ನು ನಿಮ್ಮ ಮಕ್ಕಳ ಕೈಗೆಟುಕುವ ದೂರದಲ್ಲಿ ಇಡಬೇಡಿ. ಅರ್ಜಿಯನ್ನು ಹಾಕುವ ಮುನ್ನ ಒಮ್ಮೆ ಮನೆಯವರನ್ನು ಕೇಳಿ: ಕಳ್ಳನಿಲ್ಲದ ರಾತ್ರಿಗಳಲ್ಲಿ ಆ ಬಂದೂಕು ಯಾರ ಕಾವಲಿಗೆ?