ಸ್ಕ್ಯಾನ್ ನೋವಿನ ನ್ಯಾಯಾಧೀಶನಲ್ಲ

ದೀರ್ಘಕಾಲದ ನೋವಿಗೆ ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಕೊಡುವ ಮುನ್ನ ಮಿದುಳಿನ ಸ್ಕ್ಯಾನ್ ಕಡ್ಡಾಯವಾಗಲಿ, ಸುಳ್ಳುಗಾರರು ಸಿಕ್ಕಿಬೀಳುತ್ತಾರೆ ಎಂಬ ವಾದ ಅಪಾಯಕಾರಿ. ಎಫ್‌ಎಂಆರ್‌ಐ ಎಂಬ ಈ ಸ್ಕ್ಯಾನ್ ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು, ನೋವನ್ನಲ್ಲ.

2011ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಪ್ರಯೋಗವನ್ನೇ ನೋಡಿ. ಆರೋಗ್ಯವಂತರ ಕಾಲಿಗೆ ಬಿಸಿ ತಾಗಿಸಿ, ಮೊದಲು ತಿಳಿಸದೆಯೇ ರಕ್ತನಾಳಕ್ಕೆ ರೆಮಿಫೆಂಟನಿಲ್ ಎಂಬ ಓಪಿಯಾಯ್ಡ್ ಹರಿಸಿದರು. ‘ಔಷಧ ಶುರುವಾಯಿತು’ ಎಂದಾಗ ಉಪಶಮನ ಇಮ್ಮಡಿಯಾಯಿತು. ‘ನಿಲ್ಲಿಸಿದ್ದೇವೆ, ನೋವು ಹೆಚ್ಚಬಹುದು’ ಎಂದಾಗ, ಅಷ್ಟೇ ಔಷಧ ಹರಿಯುತ್ತಿದ್ದರೂ, ಉಪಶಮನ ಇಲ್ಲವಾಯಿತು. ಮಿದುಳಿನ ಚಿತ್ರವೂ ಅದಕ್ಕೆ ತಕ್ಕಂತೆ ಬದಲಾಯಿತು. ಅಂದರೆ ರೋಗಿಯ ನಂಬಿಕೆಯೂ ಚಿಕಿತ್ಸೆಯ ಭಾಗ. ಅವರನ್ನು ಕಳ್ಳರಂತೆ ಯಂತ್ರದೊಳಗೆ ಮಲಗಿಸಿದರೆ ಮೊದಲು ಕೆಡುವುದು ಆ ನಂಬಿಕೆಯೇ.

ಓಪಿಯಾಯ್ಡ್ ಬಳಕೆ ಮಿತವಾಗಿರಲಿ, ಒಪ್ಪುತ್ತೇನೆ. 2018ರ ಅಮೆರಿಕದ ಅಧ್ಯಯನದಲ್ಲಿ ಬೆನ್ನು, ಮಂಡಿನೋವಿಗೆ ಅದು ಇತರ ಔಷಧಗಳಿಗಿಂತ ಮೇಲೆನಿಸಲಿಲ್ಲ. ಆದರೆ ಆ ನಿರ್ಧಾರ ರೋಗಿಯ ಮಾತು ಕೇಳಿ ಆಗಬೇಕು, ಅವರ ಬಾಯಿ ಮುಚ್ಚಿಸಿ ಅಲ್ಲ.