ಯುವ ಅಂಗಳ: ಒಬ್ಬರೇ ಹಾರುವ ಮುನ್ನ



ಮಕ್ಕಳ ಭವಿಷ್ಯದ ಮಾತು ಬಂದರೆ ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್, ಮೆಡಿಕಲ್, ಸಿ.ಎ. ಎಂಬ ಮೂರು ದಾರಿಗಳನ್ನು ದಾಟಿ ಯೋಚನೆ ಮುಂದೆ ಹೋಗುವುದು ಅಪರೂಪ. ಆದರೂ ನಿಮ್ಮಲ್ಲಿ ಕೆಲವರ ದೃಷ್ಟಿ ಆಕಾಶದತ್ತ ನೆಟ್ಟಿದೆ. ಎನ್.ಸಿ.ಸಿ.ಯ ವಾಯು ವಿಭಾಗಕ್ಕೆ ಸೇರಿದವರಿದ್ದೀರಿ. ರಜೆಗೆ ಬೆಂಗಳೂರಿಗೆ ಹೋದಾಗ ಜಕ್ಕೂರಿನಲ್ಲಿ ಪುಟ್ಟ ವಿಮಾನಗಳನ್ನು ಕಂಡು ಮರುಳಾದವರೂ ಇರಬಹುದು. ಬಹಳ ಸಂತೋಷ. ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸನ್ನು 1929ರ ಫೆಬ್ರವರಿಯಲ್ಲಿ ಪಡೆದವರು ನಮ್ಮ ಈ ಮುಂಬಯಿಯ ಜೆ.ಆರ್.ಡಿ. ಟಾಟಾ. ಆಗ ಅವರ ವಯಸ್ಸು ಕೇವಲ 24. ಹಾರುವ ಆಸೆ ತಪ್ಪಲ್ಲ. ಆದರೆ ಆ ಆಸೆಗೆ ಶಿಸ್ತಿನ ಲಗಾಮು ಬೇಕು. ಈ ಸಲದ ಮಾತು ಅದರ ಬಗ್ಗೆಯೇ.

ಹೆಚ್ಚು ಖರ್ಚಿಲ್ಲದೆ ಹಾರಲು ಕಲಿಯುವವರು ಮೊದಲು ಹತ್ತುವುದು ಅತಿ ಹಗುರವಾದ ವಿಮಾನವನ್ನು. ಅಮೆರಿಕದಲ್ಲಿ ಇದನ್ನು ಅಲ್ಟ್ರಾಲೈಟ್ ಎನ್ನುತ್ತಾರೆ, ನಮ್ಮಲ್ಲಿ ಮೈಕ್ರೊಲೈಟ್. ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ ನಿಯಮದಂತೆ ಎಂಜಿನ್ ಇರುವ ಅಲ್ಟ್ರಾಲೈಟಿನ ಖಾಲಿ ತೂಕ 254 ಪೌಂಡಿಗಿಂತ, ಅಂದರೆ ಸುಮಾರು 115 ಕಿಲೊಗಿಂತ ಕಡಿಮೆ ಇರಬೇಕು. ಅದರಲ್ಲಿ ಒಂದೇ ಸೀಟು. ಸುಮಾರು 19 ಲೀಟರಿಗಿಂತ ಹೆಚ್ಚು ಇಂಧನ ಇಡುವಂತಿಲ್ಲ, ಜನನಿಬಿಡ ಊರಿನ ಮೇಲೆ ಹಾರುವಂತಿಲ್ಲ. ವಿಶೇಷವೆಂದರೆ, ಅದನ್ನು ಹಾರಿಸಲು ಲೈಸೆನ್ಸೇ ಬೇಡ! ಇದನ್ನು ಕೇಳಿ ಕೆಲವರಿಗೆ ತರಬೇತಿಯೂ ಬೇಡವೆನಿಸುತ್ತದೆ. ಇದು ದೊಡ್ಡ ಭ್ರಮೆ. ಒಂದೇ ಸೀಟಿನ ವಿಮಾನದಲ್ಲಿ ಮೊದಲ ಹಾರಾಟವೇ ಒಂಟಿ ಹಾರಾಟ. ತಪ್ಪಿದರೆ ತಿದ್ದಲು ಪಕ್ಕದಲ್ಲಿ ಗುರು ಇರುವುದಿಲ್ಲ. ಲೈಸೆನ್ಸ್ ಇದೆಯೇ ಎಂದು ಕಾನೂನು ಕೇಳದಿರಬಹುದು, ಕಲಿತಿದ್ದೀಯಾ ಎಂದು ಗಾಳಿ ಕೇಳಿಯೇ ಕೇಳುತ್ತದೆ.

ನಮ್ಮ ದೇಶದಲ್ಲಿ ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 16 ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ವಿದ್ಯಾರ್ಥಿ ಒಬ್ಬನೇ ಹಾರುವಾಗಲೂ ಬೋಧಕರ ಅನುಮತಿ ಮತ್ತು ಮೇಲ್ವಿಚಾರಣೆಯಲ್ಲೇ ಹಾರಬೇಕು. ಕಣ್ಣಿಗೆ ನೆಲವೂ ದಾರಿಯೂ ಚೆನ್ನಾಗಿ ಕಾಣುವ ಹವೆಯಲ್ಲಿ ಮಾತ್ರ ಹಾರಾಟ. ಪ್ರಯಾಣಿಕರನ್ನು ಕೂರಿಸುವಂತಿಲ್ಲ, ಸಾಮಾನು ಸಾಗಿಸುವಂತಿಲ್ಲ. ಗೆಳೆಯನನ್ನು ಒಂದು ಸುತ್ತು ಕರೆದೊಯ್ಯುವ ಆಸೆಯನ್ನು ಪೂರ್ಣ ಲೈಸೆನ್ಸ್ ಸಿಗುವವರೆಗೂ ಕಟ್ಟಿಡಿ. ಹಾರಾಟಕ್ಕೆ ಮುಂಚಿನ 12 ಗಂಟೆಗಳಲ್ಲಿ ಮದ್ಯ ಮುಟ್ಟುವಂತಿಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಬೇಕಾದ ವಿಮಾನಗಳ ವಿದ್ಯಾರ್ಥಿಗಳಿಗೆ ಇನ್ನೊಂದು ಕಟ್ಟುಪಾಡಿದೆ: ಬೋಧಕರು ಲಾಗ್‌ಬುಕ್ಕಿನಲ್ಲಿ ಬರೆದುಕೊಡುವ ಒಂಟಿ ಹಾರಾಟದ ಒಪ್ಪಿಗೆ 90 ದಿನಗಳವರೆಗೆ ಮಾತ್ರ ಊರ್ಜಿತ, ಅದೂ ಹೆಸರಿಸಿದ ಮಾದರಿಯ ವಿಮಾನಕ್ಕೆ ಮಾತ್ರ. ಅಭ್ಯಾಸ ತಪ್ಪಿದ ಕೈಯನ್ನು ನಂಬಬಾರದು ಎಂಬುದೇ ಇದರ ಅರ್ಥ.

ಈಗ ಒಂದು ಲೆಕ್ಕ ನೋಡಿ. ಎರಡು ಸೀಟಿನ ಮೈಕ್ರೊಲೈಟ್ ಜನ, ಇಂಧನ ಎಲ್ಲ ಸೇರಿ ಸುಮಾರು 450 ಕಿಲೊ ತೂಗುತ್ತದೆ ಎನ್ನಿ. ನಿಮ್ಮ ಬೋಧಕರ ತೂಕ 75 ಕಿಲೊ. ಅವರು ಇಳಿದೊಡನೆ ವಿಮಾನದ ತೂಕದಲ್ಲಿ ಆರನೆಯ ಒಂದು ಪಾಲು ಇಳಿದುಹೋಯಿತು! ನಿನ್ನೆಯವರೆಗೆ ನಿಧಾನವಾಗಿ ಏಳುತ್ತಿದ್ದ ವಿಮಾನ ಇಂದು ಬೇಗನೆ ಮೇಲೇರುತ್ತದೆ. ಇಳಿಯುವಾಗ ನೆಲ ಮುಟ್ಟಲು ಒಪ್ಪದೆ ರನ್‌ವೇ ಮೇಲೆ ತೇಲುತ್ತಾ ಮುಂದೆ ಸಾಗುತ್ತದೆ. ಮೊದಲೇ ತಿಳಿದವರು ಗಾಬರಿಯಾಗುವುದಿಲ್ಲ. ತಿಳಿಯದವರು ಬಲವಂತವಾಗಿ ನೆಲಕ್ಕೆ ಒತ್ತಲು ಹೋಗಿ ಪುಟಿಯುತ್ತಾರೆ. ಇಳಿಯುವುದು ಸರಿಹೋಗದಿದ್ದರೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಬನ್ನಿ. ಅದರಲ್ಲಿ ಅವಮಾನವಿಲ್ಲ.

ಒಂಟಿಯಾಗಿ ಹಾರುವ ಮುನ್ನ ನಾಲ್ಕು ವಿಷಯಗಳು ಕೈಗೆ ಕರಗತವಾಗಿರಬೇಕು.

ಒಂದು, ಸ್ಟಾಲ್. ಮೂತಿಯನ್ನು ಅತಿಯಾಗಿ ಎತ್ತಿದರೆ ರೆಕ್ಕೆ ಗಾಳಿಯ ಆಧಾರ ಕಳೆದುಕೊಳ್ಳುತ್ತದೆ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ತಾವೇ ಕಟ್ಟಿದ ಗ್ಲೈಡರುಗಳಲ್ಲಿ ಸುಮಾರು ಎರಡು ಸಾವಿರ ಸಲ ಹಾರಿದ್ದವರು. 1896ರ ಆಗಸ್ಟ್‌ನಲ್ಲಿ ಅವರ ಗ್ಲೈಡರ್ ಹೀಗೆಯೇ ಸ್ಟಾಲ್ ಆಗಿ ಸುಮಾರು 15 ಮೀಟರ್ ಎತ್ತರದಿಂದ ಬಿತ್ತು. ಮರುದಿನ ಅವರು ತೀರಿಕೊಂಡರು. ಸ್ಟಾಲಿಗೆ ಮದ್ದು ಮೂತಿಯನ್ನು ಕೆಳಗಿಳಿಸುವುದು. ಬೀಳುತ್ತಿರುವಾಗ ಇದು ಮನಸ್ಸಿಗೆ ಒಗ್ಗದ ಕೆಲಸ, ಆದ್ದರಿಂದಲೇ ಅಭ್ಯಾಸ ಬೇಕು. ತಿರುವಿನಲ್ಲಿ ಹೆಚ್ಚು ವಾಲಿಸಲೂಬಾರದು. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ಸ್ಟಾಲ್ ಆಗುವ ವೇಗ ಶೇಕಡಾ 41ರಷ್ಟು ಏರುತ್ತದೆ.

ಎರಡು, ಎಂಜಿನ್ ನಿಲ್ಲುವುದು. ಹಲವು ಹಗುರ ವಿಮಾನಗಳಲ್ಲಿರುವ ಟೂ-ಸ್ಟ್ರೋಕ್ ಎಂಜಿನ್ ಮುನ್ಸೂಚನೆಯಿಲ್ಲದೆ ನಿಲ್ಲಬಹುದು. ಹಾರುವಾಗಲೆಲ್ಲ ಇಳಿಯಲು ಯೋಗ್ಯವಾದ ಒಂದು ಬಯಲು ಕಣ್ಣಳತೆಯಲ್ಲಿರಲಿ. ಮೇಲೇರಿದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂತಿರುಗುವ ಸಾಹಸ ಬೇಡ. ಮೂತಿ ತಗ್ಗಿಸಿ, ಹೆಚ್ಚುಕಡಿಮೆ ನೇರ ಮುಂದೆಯೇ ಇಳಿಯಿರಿ. ವಿಮಾನ ಮುರಿದರೆ ಮುರಿಯಲಿ.

ಮೂರು, ಗಾಳಿ. ಹಗುರ ವಿಮಾನಕ್ಕೆ ಬಿರುಗಾಳಿಯೇ ಬೇಕಿಲ್ಲ, ಮಧ್ಯಾಹ್ನದ ಬಿಸಿಲಿಗೆ ಏಳುವ ಸುಳಿ ಸಾಕು. ಮೊದಲ ಒಂಟಿ ಹಾರಾಟಕ್ಕೆ ಮುಂಜಾನೆಯ ಶಾಂತ ಹೊತ್ತೇ ಲೇಸು.

ನಾಲ್ಕು, ತಪಾಸಣೆ. ಮೀಟರನ್ನು ನಂಬದೆ ಟ್ಯಾಂಕಿನೊಳಗೆ ಕಣ್ಣಾರೆ ನೋಡಿ. ತಳದಿಂದ ಸ್ವಲ್ಪ ಇಂಧನ ಇಳಿಸಿ ನೀರು ಸೇರಿದೆಯೇ ಪರೀಕ್ಷಿಸಿ. ಬೋಲ್ಟು, ಪಿನ್ನು, ಕೇಬಲ್ಲುಗಳನ್ನು ಪಟ್ಟಿ ಹಿಡಿದು ಒಂದೊಂದಾಗಿ ಮುಟ್ಟಿ ನೋಡಿ. ನಡುವೆ ಯಾರಾದರೂ ಮಾತಾಡಿಸಿದರೆ ಪಟ್ಟಿಯನ್ನು ಮೊದಲಿನಿಂದ ಆರಂಭಿಸಿ.

ವಿಮಾನದಷ್ಟೇ ನಿಮ್ಮ ತಪಾಸಣೆಯೂ ಮುಖ್ಯ. ನೆಗಡಿ ಇದೆಯೇ? ನಿದ್ರೆ ತರುವ ಮಾತ್ರೆ ನುಂಗಿದ್ದೀರಾ? ಪರೀಕ್ಷೆಗೆ ಓದುತ್ತ ರಾತ್ರಿ ನಿದ್ದೆಗೆಟ್ಟಿದ್ದೀರಾ? ಮನೆಯಲ್ಲಿ ಜಗಳವಾಡಿ ಬಂದಿದ್ದೀರಾ? ಒಂದಕ್ಕೆ ಹೌದೆಂದರೂ "ಸಾರ್, ಇವತ್ತು ಬೇಡ" ಎಂದುಬಿಡಿ. ಕ್ಯಾಮೆರಾ ಹಿಡಿದು ಗೆಳೆಯರು ನಿಂತಿರುವಾಗ ಹೀಗೆ ಹೇಳುವುದು ಹಾರುವುದಕ್ಕಿಂತ ಕಷ್ಟದ ಕೆಲಸ. ಆದರೆ ತಾಳಿದವನು ಬಾಳಿಯಾನು. ನೆಲದ ಮೇಲೆ ನಿಂತು "ಹಾರಬಹುದಿತ್ತಲ್ಲ" ಎಂದು ಹಳಹಳಿಸುವುದು ಮೇಲು. ಮೇಲೆ ಹೋಗಿ "ನೆಲದಲ್ಲೇ ಇರಬೇಕಿತ್ತು" ಎಂದು ಮರುಗುವಂತಾಗಬಾರದು.

ಕೊನೆಯದಾಗಿ ಒಂದು ಮಾತು. ಅಪ್ಪ ಅಮ್ಮನಿಗೆ ಮುಚ್ಚಿಟ್ಟು ಹಾರಲು ಹೋಗಬೇಡಿ. ಊರು ಬಿಟ್ಟು ಬಂದು, ಕಷ್ಟಪಟ್ಟು ನಿಮ್ಮನ್ನು ಓದಿಸಿದವರು ಅವರು. ಅವರ ಭಯವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಈ ನಿಯಮಗಳನ್ನೆಲ್ಲ ಅವರಿಗೆ ಕನ್ನಡದಲ್ಲೇ ಬಿಡಿಸಿ ಹೇಳಿ. ಕನ್ನಡದಲ್ಲಿ ಹೇಳಲು ಬಂದರೆ ನಿಮಗೂ ವಿಷಯ ಚೆನ್ನಾಗಿ ಅರ್ಥವಾಗಿದೆ ಎಂದೇ ಲೆಕ್ಕ! ಸಾಧ್ಯವಾದರೆ ಕ್ಲಬ್ಬಿಗೂ ಕರೆದೊಯ್ಯಿರಿ. ಬೋಧಕರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ವಿಮಾನದ ಮೇಲೆ ವಿ.ಟಿ. ಎಂದು ಆರಂಭವಾಗುವ ನೋಂದಣಿ ಗುರುತು ಇದೆಯೇ, ಹಾರಲು ಯೋಗ್ಯವೆಂಬ ಪತ್ರ ಮತ್ತು ವಿಮೆ ಊರ್ಜಿತವಾಗಿವೆಯೇ ಎಂದು ಅವರೇ ಕೇಳಲಿ. ಈ ಪ್ರಶ್ನೆಗಳಿಗೆ ಸಿಡುಕುವ ಕ್ಲಬ್ಬು ನಿಮಗೆ ಬೇಡ.

ಮೊದಲ ಒಂಟಿ ಹಾರಾಟ ಮುಗಿಸಿ ಇಳಿದವರ ಅಂಗಿಯ ಹಿಂಭಾಗವನ್ನು ಕತ್ತರಿಸುವ ಪದ್ಧತಿ ಅಮೆರಿಕದಲ್ಲಿದೆ. ಹಿಂದೆ ಕೂತ ಗುರು ಇನ್ನು ಅಂಗಿ ಜಗ್ಗಿ ಎಚ್ಚರಿಸಬೇಕಿಲ್ಲ ಎಂದು ಅದರ ಅರ್ಥವಂತೆ. ನಮ್ಮಲ್ಲಿ ತಲೆಯ ಮೇಲೆ ನೀರು ಸುರಿಯುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಆ ದಿನ ಬಂದರೆ ನಮಗೊಂದು ಕಾಗದ ಬರೆಯಿರಿ, ಈ ಪುಟದಲ್ಲಿ ಹೆಮ್ಮೆಯಿಂದ ಅಚ್ಚು ಹಾಕುತ್ತೇವೆ. ಶುಭವಾಗಲಿ.